ಚೌಕದ ಮಡಿ

ಬಿಳಿಕೆರೆಯಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಂಪ್ಯೂಟರ್ ವಿಷಯದ ಮೌಖಿಕ ಪರೀಕ್ಷೆಗೆ ಎರಡನೇ ಬಾರಿ ಹೊರಟಿದ್ದ ಹೇಮಶ್ರೀ, ಅವಳನ್ನು ಬಸ್ಸು ಹತ್ತಿಸಲು ಬಂದಿದ್ದ ಸೋದರತ್ತೆ ಮಂಗಳಮ್ಮ.

“ಹೋದ್ಸಲ ಯಾಕವ್ವ ಫೇಲ್ ಮಾಡುದ್ರು?”

“ಚೌಕ ಅನ್ನೋದು ಆಯತದ ಒಂದು ಬಗೆ ಅಂತ ಪ್ರೋಗ್ರಾಂ ಬರ್ದಿದ್ದೆ. ಗಣಿತದಲ್ಲಿ ಅದು ಸರಿನೇ ಅತ್ತೆ. ಮೇಡಂ ತಪ್ಪು ಅಂದ್ರು. ಯಾಕೆ ತಪ್ಪು ಅಂತ ಇವತ್ತು ಹೇಳ್ಬೇಕು, ನಂಗಿನ್ನೂ ಗೊತ್ತಿಲ್ಲ.”

“ಆಯತ ಅಂದ್ರೆ ನಮ್ಮ ಹೊಗೆಸೊಪ್ಪಿನ ಸಸಿ ಮಡಿ ಇದ್ದಂಗಾ?”

“ಹೂಂ. ಅಗಲ ಮುಟ್ದೆ ಉದ್ದ ಮಾತ್ರ ಹೆಚ್ಚಿಸ್ಬೋದು ಅಂತ ಆಯತಕ್ಕೆ ಬರ್ದಿದ್ದೆ. ಚೌಕ ಆಯತದ ಬಗೆ ಅಂದ್ಮೇಲೆ, ಪ್ರೋಗ್ರಾಂನಲ್ಲಿ ಆಯತಕ್ಕೆ ಬರ್ದಿದ್ದೆಲ್ಲ ತಾನಾಗೇ ಚೌಕಕ್ಕೂ ಬತ್ತದೆ.”

“ಎಂಗ್ ಬತ್ತದೆ? ನಿಮ್ಮಾವ ಹೋದ್ವರ್ಷ ಚೌಕದ ಮಡಿನ ಎರಡು ಮೊಳ ಉದ್ದ ಮಾಡುದ್ರು. ಆಮೇಲೆ ಅದು ಚೌಕ ಆಗಿ ಉಳೀತಾ?”

ಹೇಮಶ್ರೀ ಚೀಲದಲ್ಲಿ ಪೆನ್ನು ಹುಡುಕತೊಡಗಿದಳು. ಮಂಗಳಮ್ಮ ಮಾತು ಮುಂದುವರಿಸಿದರು.

“ಸುಮ್ನೆ ಬಿದ್ದಿರೋವರ್ಗೂ ಚೌಕನೂ ಆಯತನೇಯ. ಉದ್ದ ಮಾಡಕೋದ್ರೆ ಅಲ್ಲ ಕಣವ್ವ.”

“ಅತ್ತೆ, ಇನ್ನೊಂದ್ಸಲ ಹೇಳಿ.”

“ಯಾಕೆ, ಕಿವಿ ಕೇಳ್ಸಕಿಲ್ವಾ?”

“ಕೇಳಿಸ್ತು. ಹಂಗೇ ಬರ್ಕೋಬೇಕು.”

ಅವಳು ಅಂಗೈಯ ಮೇಲೇ ಬರೆದುಕೊಂಡಳು. ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಇಷ್ಟು ದೊಡ್ಡ ಮಾತನ್ನ ನಂದು ಅಂತ ಹೆಂಗೆ ಹೇಳ್ಲಿ ಅತ್ತೆ?”

“ನಿಂದೇ ಅನ್ನು ಬುಡು. ಮಡಿ ಉದ್ದ ಮಾಡ್ದೋರು ಊರ್ತುಂಬ ಅವ್ರೆ.”