ಜಾಕ್ ಹಚ್ಚುವ ಜಾಗದಲ್ಲಿದ್ದ ಎಡಗಾಲಿನ ಚಪ್ಪಲಿ

ಹೇಳಿಕೆ ನೀಡುವವರು: ಕಾಶಪ್ಪ ತಂದೆ ಸಂಗಪ್ಪ ಕಡಪಟ್ಟಿ, ವಯಸ್ಸು ೬೯ ವರ್ಷ, ಉದ್ಯೋಗ: ನಿವೃತ್ತ ದಸ್ತಾವೇಜು ಬರಹಗಾರ, ವಾಸ: ಗಚ್ಚಿನಬಾವಿ ಓಣಿ, ಹುನಗುಂದ, ಜಿಲ್ಲೆ ಬಾಗಲಕೋಟೆ.

ನಾನು ಈ ದಿನ ಸ್ವಇಚ್ಛೆಯಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಮೇಲಿನ ವಿಳಾಸದಲ್ಲಿ ನಾನು ಪತ್ನಿ ಸಾವಿತ್ರೆವ್ವಳೊಂದಿಗೆ ವಾಸವಾಗಿದ್ದೇನೆ. ನನ್ನ ಬಳಿ ಇಪ್ಪತ್ತೊಂದು ವರ್ಷ ಹಳೆಯ ಕಾರು ಇದೆ. ಓಣಿಯಲ್ಲಿ ಬಹುಕಾಲ ಅದೊಂದೇ ಕಾರು ಇದ್ದುದರಿಂದ ಮದುಮಕ್ಕಳನ್ನು, ರೋಗಿಗಳನ್ನು, ಬಾಣಂತಿಯರನ್ನು ನಾನೇ ಕರೆದೊಯ್ಯುತ್ತಿದ್ದೆನು. ಎದುರು ಮನೆಯ ವಿಜಯಮಹಾಂತೇಶನಿಗೆ ಐಹೊಳೆ ರಸ್ತೆಯಲ್ಲಿ ವಾಹನ ನಡೆಸಲು ಕಲಿಸಿದವನೂ ನಾನೇ. ಅವನ ಹೆಂಡತಿ ದಾನೇಶ್ವರಿಯನ್ನು ಹೆರಿಗೆಗೆ ಸೇರಿಸಿದ್ದೂ ನನ್ನ ಕಾರಿನಲ್ಲಿಯೇ.

ಕಳೆದ ದೀಪಾವಳಿಯ ಪಾಡ್ಯದಂದು ವಿಜಯಮಹಾಂತೇಶನು ಹೊಸ ಬಿಳಿ ಕಾರನ್ನು ತಂದನು. ಅಂದಿನಿಂದ ಓಣಿಯ ಜನ ನನ್ನ ಬಾಗಿಲನ್ನು ದಾಟಿ ಅವನ ಬಾಗಿಲಿಗೆ ಹೋಗತೊಡಗಿದರು. ಆ ಕಾರಿನ ಬಾಗಿಲು ಮುಚ್ಚುವಾಗ ಶಬ್ದವೇ ಆಗುವುದಿಲ್ಲ. ನನ್ನ ಕಾರಿನ ಬಾಗಿಲನ್ನು ಎರಡು ಸಲ ಎಳೆದು ಹಾಕಬೇಕಾಗುತ್ತದೆ. ಕಟ್ಟೆಯ ಮೇಲೆ ಕುಳಿತು ನಾನು ಆ ಕಾರನ್ನು ದಿನವೂ ನೋಡುತ್ತಿದ್ದುದು ನಿಜ. ನನ್ನ ಪತ್ನಿ, "ಎಷ್ಟ ನೋಡ್ತೀರಿ ಅದನ್ನ? ಹೆಣ್ಣ ನೋಡಾಕ ಬಂದೀರೇನು?" ಎಂದು ಕೇಳಿದ್ದೂ ಉಂಟು.

ಕಳೆದ ತಿಂಗಳು ನನ್ನ ಚರ್ಮದ ಚಪ್ಪಲಿಗಳಲ್ಲಿ ಎಡಗಾಲಿನದು ಬಾಗಿಲ ಬಳಿಯಿಂದ ಕಾಣೆಯಾಯಿತು. ಅದರ ಹೆಬ್ಬೆರಳಿನ ಪಟ್ಟಿಗೆ ಹಿತ್ತಾಳೆಯ ಮೊಳೆ ಹೊಡೆಸಿದ್ದೆನು. "ಒಂದ ಚಪ್ಲಿ ಯಾರ ಒಯ್ತಾರ? ನಾಯಿನ ಒಯ್ದಿರಬೇಕ" ಎಂದು ಪತ್ನಿ ಹೇಳಿದ್ದರಿಂದ ನಾನು ಸುಮ್ಮನಾದೆನು.

ನಿನ್ನೆ ಶ್ರಾವಣ ಸೋಮವಾರ ಬೆಳಿಗ್ಗೆ ೭-೩೦ರ ಸುಮಾರಿಗೆ ವಿಜಯಮಹಾಂತೇಶನ ಮನೆಯವರು ಮಹಾಕೂಟಕ್ಕೆ ಹೊರಟಿದ್ದರು. ಕಾರಿನ ಹಿಂದಿನ ಎಡಗಾಲಿ ಪಂಕ್ಚರ್ ಆಗಿತ್ತು. ಅವನು ಜಾಕ್ ತೆಗೆದು ಕಾರಿನ ಕೆಳಗೆ ಬಗ್ಗಿದನು. ದಾನೇಶ್ವರಿಯು ಹೊಸ್ತಿಲಿನಿಂದಲೇ, "ಅಲ್ಲಿ ದೃಷ್ಟಿಗೆ ಕಟ್ಟೇನ್ರಿ, ಅದನ್ನ ಬಿಚ್ಚಬ್ಯಾಡ್ರಿ ಮತ್ತ" ಎಂದು ಕೂಗಿದಳು. ಅವನು ಜಾಕನ್ನು ಒಂದು ಗೇಣಿನಷ್ಟು ಒಳಕ್ಕೆ ಸರಿಸಿ, ಕಾರಿನ ತಳದ ತೆಳ್ಳನೆಯ ತಗಡಿಗೆ ಹಚ್ಚಿದನು. ನಾನು ಇಪ್ಪತ್ತು ಅಡಿ ದೂರದ ನನ್ನ ಕಟ್ಟೆಯ ಮೇಲಿಂದ ಇದನ್ನು ಕಂಡೆನು.

ಕಾರಿನ ಬದಿಯ ಕೆಳಗಿನ ಅಂಚಿನಲ್ಲಿ, ಪ್ರತಿ ಗಾಲಿಯ ಹತ್ತಿರ, ಕತ್ತರಿಸಿದಂತಿರುವ ಎರಡು ಕಚ್ಚುಗಳಿರುತ್ತವೆ. ಅವೆರಡರ ನಡುವಿನ ಭಾಗ ಮಾತ್ರ ಕಾರಿನ ಭಾರವನ್ನು ತಡೆಯುವಷ್ಟು ಗಟ್ಟಿಯಾಗಿರುತ್ತದೆ. ಇದು ತಿಳಿದಿದ್ದ ಕಾರಣ ನಾನು, "ವಿಜಯಾ, ಅಲ್ಲಿ ಹಚ್ಚಬ್ಯಾಡೋ, ಬರೇ ತಗಡ ಐತಿ ಅದು. ಅಂಚಿನ್ಯಾಗ ಎರಡ ಕಚ್ಚ ಅದಾವ ನೋಡು, ಅವುರ ನಡುವ ಹಚ್ಚು" ಎಂದು ಕೂಗಿ ಹೇಳಿದೆನು. ಅದಕ್ಕೆ ಅವನು ತಲೆಯೆತ್ತದೆ, "ಕಾಕಾ, ಅದೆಲ್ಲಾ ನಿಮ್ಮ ಹಳೀ ಗಾಡಿ ಶಾಸ್ತ್ರ. ನೀವ ಅಲ್ಲಿ ಕುಂತ ನೋಡಿದ್ದಕ್ಕ ಗಾಲಿ ಗಾಳಿ ಹೋಗೈತಿ, ಇನ್ನ ಜಾಕ್ ಮ್ಯಾಲೂ ಕಣ್ಣ ಹಾಕಬ್ಯಾಡ್ರಿ" ಎಂದನು. ದಾನೇಶ್ವರಿ ನಕ್ಕಳು. ಎರಡನೆಯ ಬಾರಿ ಹೇಳಬೇಕಿರಲಿಲ್ಲವೇ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಹೇಳಬೇಕಿತ್ತು. ಹೇಳಲಿಲ್ಲ. ಒಳಗೆ ಹೋಗಿ ಚಹಾ ಕುಡಿಯುತ್ತಾ ಕುಳಿತೆನು.

ಸ್ವಲ್ಪ ಹೊತ್ತಿಗೆ ದೊಡ್ಡ ಸಪ್ಪಳವಾಯಿತು. ನಾನು ಓಡಿಹೋಗಿ ನೋಡಲಾಗಿ, ತಗಡು ಒಳಕ್ಕೆ ಬಾಗಿ ಜಾಕ್ ವಾಲಿ ಬಿದ್ದಿತ್ತು. ಗಾಲಿ ಬಿಚ್ಚಿದ್ದ ಬದಿ ಕಾರು ಕುಸಿದು ವಿಜಯಮಹಾಂತೇಶನ ಬಲಗೈ ಅದರಡಿ ಸಿಕ್ಕಿತ್ತು. ಓಣಿಯವರು ಕಾರನ್ನು ಎತ್ತಿ ಹಿಡಿದರು. ನಾನು ಬಗ್ಗಿ ಅವನ ಕೈಯನ್ನು ಬಿಡಿಸಿದೆನು. ಆಗ ಎರಡು ಕಚ್ಚುಗಳ ನಡುವೆ, ಜಾಕ್ ಹಚ್ಚಬೇಕಾದ ಜಾಗಕ್ಕೆ ಸರಿಯಾಗಿ, ಕರಿದಾರದಿಂದ ಬಿಗಿದ ಒಂದು ಚಪ್ಪಲಿ ಕಂಡಿತು. ಅದರ ಪಟ್ಟಿಯಲ್ಲಿ ಹಿತ್ತಾಳೆಯ ಮೊಳೆ ಇತ್ತು.

ದಾನೇಶ್ವರಿಯು ನನ್ನ ಕೈ ಹಿಡಿದು, "ಕಾಕಾ, ನಿಮ್ಮ ಗಾಡಿ ತಗೀರಿ, ಲಗೂನ ತಗೀರಿ" ಎಂದಳು. ಎಷ್ಟೋ ತಿಂಗಳ ಮೇಲೆ ನನ್ನ ಕಾರನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಗಾಯಾಳುವನ್ನು ಹಿಂದಿನ ಆಸನದಲ್ಲಿ ಮಲಗಿಸಿ ಬಾಗಲಕೋಟೆಯ ದವಾಖಾನೆಗೆ ಹೊರಟೆನು. ಅಮೀನಗಡ ದಾಟುವಾಗ ದಾನೇಶ್ವರಿಯು ನನ್ನ ಬರಿಗಾಲನ್ನು ನೋಡಿ ಅತ್ತು, "ಯಾರ ಕಣ್ಣ ಬೀಳತೈತೋ ಅವರ ಚಪ್ಲಿನ ಕಟ್ಟಬೇಕಂತ ನಮ್ಮ ತವರಾಗ ಅಂತಾರ್ರಿ. ಅದಕ್ಕ ನಿಮ್ಮದನ್ನ ನಾನ ಒಯ್ದಿನ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಕಾಕಾ" ಎಂದು ಒಪ್ಪಿಕೊಂಡಳು. ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟೆನು.

ಮಧ್ಯಾಹ್ನ ಇಳಕಲ್ಲಿನಿಂದ ಬಂದ ವಿಜಯಮಹಾಂತೇಶನ ಸೋದರಮಾವ ಹನಮಂತಪ್ಪನವರು ಆ ಚಪ್ಪಲಿಯನ್ನು ಕಂಡು, ಅದು ನನ್ನದೆಂದು ಓಣಿಯವರಿಂದ ತಿಳಿದು, ನಾನು ಹೊಟ್ಟೆಕಿಚ್ಚಿನಿಂದ ಕಾರಿನ ಕೆಳಗೆ ನುಸುಳಿ ಕಾರನ್ನು ಕೆಡಿಸಿದ್ದೇನೆಂದು ದೂರು ನೀಡಿದ್ದಾರೆ. ನಾನು ಸೆರೆಗೆ ಹೋಗುವ ಪ್ರಸಂಗ ಬಂದುದರಿಂದ ದಾನೇಶ್ವರಿಗೆ ಕೊಟ್ಟ ಮಾತನ್ನು ಮುರಿದಿದ್ದೇನೆ. ಅವಳನ್ನೂ ಕರೆಸಿ ಕೇಳಬೇಕೆಂದು ವಿನಂತಿ. ಬಲಗಾಲಿನ ಚಪ್ಪಲಿಯನ್ನು ಹೋಲಿಸಿ ನೋಡಲು ಹಾಜರುಪಡಿಸಿದ್ದೇನೆ. ದೂರಿನಲ್ಲಿರುವ ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಿನ ಕೆಳಗೆ ನುಸುಳಿದೆನೆಂಬುದು ಸುಳ್ಳು.

ವಿಚಾರಣೆ ಮುಗಿದ ಮೇಲೆ ಎಡಗಾಲಿನ ಚಪ್ಪಲಿಯನ್ನು ನನಗೆ ಮರಳಿಸಬೇಕಾಗಿಲ್ಲ. ಅದನ್ನು ಆ ಕಾರಿಗೇ ಕಟ್ಟಲಿ. ಆದರೆ ಕಚ್ಚುಗಳನ್ನು ಬಿಟ್ಟು, ಹಿಂಬದಿಯ ಬಂಪರಿನ ಕೆಳಗೆ ಕಟ್ಟಲಿ. ಕಾರು ರಿಪೇರಿಯಾಗಿ ಓಣಿಗೆ ಮರಳಿದಾಗ ನಾನು ಅದನ್ನು ನೋಡುವುದಿಲ್ಲವೆಂದು ಬರೆದುಕೊಡಲಾರೆ.

ಈ ಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಓದಿಸಿ ಕೇಳಿದ್ದೇನೆ, ಸತ್ಯವಾಗಿದೆ.

ಸ್ಥಳ: ಹುನಗುಂದ
ದಿನಾಂಕ: ೧೨-೦೮-೨೦೨೫
ಸಹಿ: ಕಾಶಪ್ಪ ಸಂ. ಕಡಪಟ್ಟಿ