ಗಾದಿಯೊಳಗಿನ ದವಾಖಾನೆ

ಅಧ್ಯಕ್ಷರಾದ ಡಾಕ್ಟರ್ ಸಾಹೇಬರೇ, ತಹಸೀಲ ಕಚೇರಿಯಿಂದ ಬಂದ ಪೇಶ್ಕಾರ ಸಾಹೇಬರೇ, ಇಂದು ನಮ್ಮಿಂದ ಬೀಳ್ಕೊಳ್ಳುತ್ತಿರುವ ಖಾಸಿಂಬೀಯವರೇ, ನಾನು ಕಲಸಿಕೊಟ್ಟ ಮದ್ದು ಕುಡಿದೂ ಬದುಕಿ ಇಲ್ಲಿ ಬಂದು ಕುಳಿತಿರುವ ಸಭಿಕರೇ,

ಇಪ್ಪತ್ತೆರಡು ವರ್ಷ ಈ ಹತ್ತು ಮಂಚದ ದವಾಖಾನೆಯನ್ನು ಗುಡಿಸಿದ ಖಾಸಿಂಬೀಯವರ ಬಗ್ಗೆ ಮಾತನಾಡಲು ಕಂಪೌಂಡರ್ ಬಸವಂತ್ರಾಯನಾದ ನನಗೆ ಹೇಳಿದ್ದಾರೆ. ಗುಡಿಸುವುದು ಎಲ್ಲರಿಗೂ ಕಾಣುತ್ತದೆ. ಗುಡಿಸಿದ್ದು ಎಲ್ಲಿಗೆ ಹೋಗುತ್ತದೆ? ಯಾರಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಫಸಲಿ ಸಾವಿರದ ಮುನ್ನೂರ ನಲವತ್ತೈದರ ಮಾತು, ಅಂದರೆ ಹನ್ನೊಂದು ವರ್ಷದ ಹಿಂದಿನದು. ಕೀವಿನ ಪಟ್ಟಿ, ರಕ್ತದ ಅರಳೆ, ಮುರಿದ ಸೂಜಿಗಳನ್ನು ಹಿತ್ತಲಲ್ಲಿ ಸುಡಬೇಕು. ಅದಕ್ಕೆ ಬೇಕಾದ ಚಿಮಣಿ ಎಣ್ಣೆಯನ್ನು ನಾನು ಕೊಡಬೇಕು ಎಂದು ಹುಕುಂ ಇತ್ತು. ಆದರೆ ಆ ವರ್ಷ ನಾನು ಬಯಲಾಟದಲ್ಲಿ ರಾಕ್ಷಸನ ವೇಷ ಹಾಕಲಿದ್ದೆ. ತಾಲೀಮಿಗೆ ದೀಪ ಬೇಕಲ್ಲವೇ? ದೀಪಕ್ಕೆ ಎಣ್ಣೆ ಬೇಕಲ್ಲವೇ? ಅದು ಎಲ್ಲಿಂದ ಬಂತೆಂದು ಬಿಡಿಸಿ ಹೇಳಲಾರೆ.

ಖಾಸಿಂಬೀ ದಿನವೂ ಬಂದು ನಿಲ್ಲುತ್ತಿದ್ದರು. "ಸಾಬ್, ಎಣ್ಣಿ ಇಲ್ದ ಹೆಂಗ ಸುಡ್ಲಿರಿ? ಹಸಿ ಪಟ್ಟಿ, ಬೆಂಕಿ ಹತ್ತವಲ್ದು."

"ಬಿಸಲಿಗೆ ಹಾಕು, ಒಣಗ್ತಾವ" ಎನ್ನುತ್ತಿದ್ದೆ. ಒಣಗಿದವು. ಒಣಗಿದ ಮೇಲೆ ತಾವಾಗಿಯೇ ಮಾಯವಾಗತೊಡಗಿದವು! ನನಗೆ ಬಹಳ ಸಂತೋಷವಾಯಿತು. 'ಎಲ್ಲ ಸುಡಲಾಗಿದೆ' ಎಂದು ದಫ್ತರದಲ್ಲಿ ಬರೆದೆ.

ಅದೇ ವರ್ಷ ನನ್ನ ಮದುವೆ. ಮೊದಲ ಹಬ್ಬಕ್ಕೆ ಬಳಿಚಕ್ರದ ಮಾವನ ಮನೆಗೆ ಹೋದೆ. ಹೋಳಿಗೆಯ ಊಟವಾದ ಮೇಲೆ ಅತ್ತೆಯವರು ಹೊಸ ಗಾದಿ ಹಾಸಿದರು. "ಶಹಾಪುರ ಸಂತ್ಯಾಗ ತಂದ ಅರಳಿ ಐತ್ರಿ ಅಳಿಯಂದ್ರ. ಹೂವಿನಂಗ ಐತಿ, ಅಡ್ಡ ಆಗ್ರಿ."

ಅಡ್ಡಾದೆ. ಕಣ್ಣು ಮುಚ್ಚಿದರೆ ನಮ್ಮ ದವಾಖಾನೆಯಲ್ಲೇ ಮಲಗಿದಂತಿದೆ! ಅದೇ ವಾಸನೆ. ಎದ್ದು ಮೂರು ಸಲ ಕೈ ತೊಳೆದೆ. ನನ್ನ ಹೆಂಡತಿ ಮೌನಮ್ಮ, ಮೌನ ಹೆಸರಿಗಷ್ಟೇ, "ನಿಮ್ಮ ಮೈಯಾಗಿಂದ ಬರಾಕತ್ತೈತಿ. ಊರಿಗೆ ಬಂದ್ರೂ ದವಾಖಾನಿ ಬಿಟ್ಟು ಬರಂಗಿಲ್ಲ ನೀವು" ಎಂದಳು.

"ಬೆನ್ನಿಗೆ ಏನೋ ಒತ್ತಾಕತ್ತೈತಿ" ಎಂದೆ. ಅವಳು ಹೊಲಿಗೆ ಬಿಚ್ಚಿ ಗಾದಿಯೊಳಗೆ ಕೈ ಹಾಕಿದವಳು ಚೀರಿ ಹಿಂದಕ್ಕೆ ತೆಗೆದಳು. ತೋರುಬೆರಳಲ್ಲಿ ಮುರಿದ ಸೂಜಿ. ಅದರ ಹಿಂದೆಯೇ ಹಳದಿಗಟ್ಟಿದ ಪಟ್ಟಿ. ಪಟ್ಟಿಗೆ ಅಂಟಿದ ಚೀಟಿಯಲ್ಲಿ 'ಮಂಚ ನಾಲ್ಕು' ಎಂದು ಬರೆದಿತ್ತು. ಅಕ್ಷರ ನನ್ನದು. ಹಿತ್ತಲಿಂದ ಮಾಯವಾದದ್ದನ್ನು ಯಾರೋ ಆಯ್ದು ಸಂತೆಯಲ್ಲಿ ಅರಳೆಯೆಂದು ಮಾರಿದ್ದರು.

ಚೀಟಿ ಕಿಸೆಗೆ ಸೇರಿತು. "ಗಾದಿ ಹೊಲಿಯಾವನ ಸೂಜಿ, ಬಿಡು" ಎಂದುಬಿಟ್ಟೆ.

ಮೂರನೆಯ ದಿನ ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಮೊಣಕೈವರೆಗೆ ಕೆಂಪು ಗೆರೆ ಏರಿತು. ಗಾಡಿ ಕಟ್ಟಿಸಿ ಇಲ್ಲಿಗೇ ತಂದೆ. ಆಗಿನ ಡಾಕ್ಟರ್ ಸಾಹೇಬರು ಬೆರಳು ಕೊಯ್ದು ಕೀವನ್ನೂ ಒಳಗುಳಿದಿದ್ದ ಸೂಜಿಯ ಚೂರನ್ನೂ ತೆಗೆದು, "ಕೈ ಉಳದ್ರ ನಿಮ್ಮ ನಸೀಬ" ಎಂದರು. ರಾಕ್ಷಸನಾಗಿ ಊರನ್ನೇ ನಡುಗಿಸಬೇಕೆಂದಿದ್ದ ನಾನು ಔಷಧದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಒಂಬತ್ತು ದಿನ ಬಿಸಿನೀರಿನಲ್ಲಿ ಆ ಕೈ ನೆನೆಸಿ, ಕಾವು ಕೊಟ್ಟು, ಪಕ್ಕದಲ್ಲಿ ಕೂತವರು ಯಾರು? ಇದೇ ಖಾಸಿಂಬೀ. ಕೈ ಉಳಿಯಿತು. ಬೆರಳು ಮಾತ್ರ ಇಂದಿಗೂ ಮಡಚುವುದಿಲ್ಲ. ನನ್ನನ್ನು ಬೈಯುವಾಗ ಅದಕ್ಕೆ ನೆಟ್ಟಗಿರುವುದೇ ಅನುಕೂಲ.

ಆ ಮೇಲೆ ಖಾಸಿಂಬೀ ಯಾರನ್ನೂ ಕೇಳಲಿಲ್ಲ. ಹಿತ್ತಲಲ್ಲಿ ಎದೆಯುದ್ದ ಗುಂಡಿ ತೋಡಿದರು. ಸೂಜಿ, ಗಾಜಿಗೆ ಮುಚ್ಚಳದ ಡಬ್ಬಿ, ತುಂಬಿದರೆ ಗುಂಡಿಗೆ. ಪಟ್ಟಿ, ಅರಳೆಗೆ ಮಣ್ಣಿನ ಭಟ್ಟಿ. ಪ್ರತಿ ಮುಂಜಾನೆ ನನ್ನ ಬಾಗಿಲಲ್ಲಿ ನಿಂತು ಒಂದೇ ಮಾತು: "ಸಾಬ್, ಎಣ್ಣಿ." ಕೊಡುವವರೆಗೆ ಕದಲುತ್ತಿರಲಿಲ್ಲ. ಆ ವರ್ಷ ನಮ್ಮ ರಾಕ್ಷಸ ಅರೆಗತ್ತಲಲ್ಲೇ ಕುಣಿದ. ಕಾಣಲಿಲ್ಲವಾದ್ದರಿಂದ ಜನ ಮೆಚ್ಚಿಕೊಂಡರು.

ಇಲ್ಲಿಗೆ ಮುಗಿಸಬಹುದಿತ್ತು. ಬರೆದು ತಂದದ್ದೂ ಇಷ್ಟೇ. ಆದರೆ ಪೇಶ್ಕಾರ ಸಾಹೇಬರು ಈಗ ತಾನೇ ಹೇಳಿದರು: ಖಾಸಿಂಬೀಗೆ ಸರ್ಕಾರದ ಮೆಚ್ಚುಗೆಯ ಸನದು ಬರಲಿಲ್ಲ, ಅವರ ನೌಕರಿ ಪುಸ್ತಕದಲ್ಲಿ ಒಂದು ತಪ್ಪು ದಾಖಲಾಗಿದೆ ಎಂದು. ಆ ಸೂಜಿ ನಮ್ಮದೇ ಎಂದು ಗುರುತು ಹಿಡಿದ ಆಗಿನ ಡಾಕ್ಟರ್ ಸಾಹೇಬರು ತಪ್ಪು ಯಾರದೆಂದು ತಹಕೀಕು ಮಾಡಿದಾಗ, 'ಸುಡದೆ ಬಿಟ್ಟದ್ದು ಖಾಸಿಂಬೀಯ ಗಫಲತ್ತು' ಎಂದು ಬರೆದ ಕಲಮು ನನ್ನದು. ಓದು ಬಾರದ ಅವರು, "ಏನ್ ಬರದೀರಿ ಸಾಬ್?" ಎಂದು ಕೇಳಿದರು. "ಹಾಜರಿ" ಎಂದೆ. ಹೆಬ್ಬೆಟ್ಟು ಒತ್ತಿದರು.

ಡಾಕ್ಟರ್ ಸಾಹೇಬರೇ, ಆ ಗಫಲತ್ತು ನನ್ನದು. ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ, ಹಾಗೆಯೇ ಬರೆದುಕೊಳ್ಳಿ. ಸನದಿಗೆ ಮತ್ತೆ ಬರೆಯಿರಿ. ನನ್ನ ನೌಕರಿಯ ಬಗ್ಗೆ ನಿಮ್ಮ ಹುಕುಂ ಏನಿದ್ದರೂ ಕಬೂಲು.

ಸಭಿಕರೇ, ಮೌನಮ್ಮ ಎದ್ದು ನಿಂತಿದ್ದಾಳೆ. ತಪ್ಪು ನನ್ನದೆಂದು ಅವಳಿಗೆ ಇಂದಿನವರೆಗೆ ಗೊತ್ತಿರಲಿಲ್ಲ. ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ದಯವಿಟ್ಟು ಯಾರಾದರೂ... ಇಲ್ಲ, ನನ್ನ ಕಡೆಗಲ್ಲ. ಖಾಸಿಂಬೀಯವರ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಹಾಗಿದ್ದರೆ ನಾನು ಇನ್ನೂ ನಾಲ್ಕು ಮಾತು...

ಬೇಡ. ಇಬ್ಬರೂ ಈಗ ನನ್ನನ್ನೇ ನೋಡುತ್ತಿದ್ದಾರೆ. ಇಷ್ಟು ಹೊತ್ತು ಸಹಿಸಿದ ತಮಗೆಲ್ಲ, ಹನ್ನೊಂದು ವರ್ಷ ಸಹಿಸಿದ ಖಾಸಿಂಬೀಯವರಿಗೆ ಕೃತಜ್ಞತೆ ಹೇಳಿ ಕೆಳಗಿಳಿಯುತ್ತೇನೆ. ನಮಸ್ಕಾರ.