ಸೋಮವಾರದ ಬುತ್ತಿ

“ದೇವರ ಉಪವಾಸ ಬಿಡಿಸೋಕೆ ಆ ಕೌನ್ಸೆಲಿಂಗ್ ಮೇಡಂ ಯಾರೇ?”

ಕೊಪ್ಪದ ಕ್ಲಿನಿಕ್ಕೊಂದರಲ್ಲಿ ಬಿಪಿ ತೋರಿಸಲು ಕೂತಿದ್ದೆ. ಕೂಗಿದವಳು ಎದುರು ಬೆಂಚಿನ ಹುಡುಗಿಯ ಸೋದರತ್ತೆ. ಕಾಲೇಜು ಹುಡುಗಿ, ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು.

“ಮೆಲ್ಲಗೆ, ಅತ್ತಿಗೆ,” ಅಂದಳು ತಾಯಿ. “ಶನಿವಾರ ಅಂದ್ಲು, ಸೋಮವಾರ ಅಂದ್ಲು, ಸಂಕಷ್ಟಿ, ಏಕಾದಶಿ ಅಂದ್ಲು. ಎಂಥ ಭಕ್ತಿ ಅಂತ ನಾನೇ ಊರೆಲ್ಲ ಹೊಗಳ್ಕೊಂಡು ಬಂದೆ. ಮೊನ್ನೆ ಬಚ್ಚಲಲ್ಲಿ ಬಿದ್ದಿದ್ಳು.”

“ರಕ್ತ ಕಮ್ಮಿ ಇರತ್ತೆ, ಟಾನಿಕ್ ಕೊಡ್ಸು. ತಲೆ ಕೆಟ್ಟಿದೆ ಅಂತ ನಮ್ಮೂರು ಜಯಪುರಕ್ಕೆಲ್ಲ ಗೊತ್ತಾಗ್ಬೇಕಾ?”

“ತಲೆ ಕೆಟ್ಟಿಲ್ಲ, ಊಟದ ಭಯ ಹತ್ತಿದೆ ಅಂದ್ರು. ವಾರವಾರ ಮಾತಾಡ್ಸಿ ಆ ಭಯ ಬಿಡಿಸ್ತಾರಂತೆ. ನಾವು ಬೈಬಾರ್ದು, ಜೊತೆಗೆ ಕೂತು ಉಣ್ಬೇಕು.”

“ದೇವ್ರು ಸುಮ್ನೆ ಬಿಡ್ತಾನಾ?”

ಆಗ ಹುಡುಗಿ ಬಾಯಿಬಿಟ್ಟಳು. “ಅದು ದೇವ್ರಿಗಲ್ಲ ಅತ್ತೆ. ಅನ್ನ ಕಂಡ್ರೆ ದಪ್ಪ ಆಗ್ತೀನಿ ಅಂತ ಹೆದ್ರಿಕೆ. ಉಪವಾಸ ಅಂದ್ರೆ ಯಾರೂ ಬಲವಂತ ಮಾಡಲ್ಲ.”

ಅತ್ತೆ ಚೀಲ ಎತ್ತಿಕೊಂಡು ಹೊರನಡೆದಳು. ಕರೆದರೂ ತಿರುಗಲಿಲ್ಲ.

ಒಳಗಿನಿಂದ ಸಿಂಚನ ಎಂದು ಹೆಸರು ಕೂಗಿದರು. ಹುಡುಗಿ ಏಳದೆ ತಾಯಿಯ ತೊಡೆಯ ಮೇಲಿದ್ದ ಬುತ್ತಿಯನ್ನು ನೋಡಿದಳು.

“ಬುತ್ತಿ ಯಾಕಮ್ಮ? ಇವತ್ತು ಸೋಮವಾರ. ನಿಂದೂ ಉಪವಾಸ ಅಲ್ವಾ?”

“ಬಿಟ್ಟೆ ಮಗಾ. ಇಬ್ರಿಗೂ ತಂದಿದೀನಿ.”

ಇಬ್ಬರೂ ಎದ್ದು ಒಳಗೆ ಹೋದರು. ನನ್ನ ಸರದಿ ಬರುವವರೆಗೂ ಅತ್ತೆ ಮರಳಿ ಬರಲಿಲ್ಲ.